ಬಿಗಿ ಮುಚ್ಚಳ

"ಉಪ್ಪು ಜಾಸ್ತಿ ಕೇಳ್ತಾಳಾ?" ವರದಿಯಿಂದ ತಲೆ ಎತ್ತದೆ ಡಾಕ್ಟರು ಕೇಳಿದರು.

ನರ್ಸು ಗಂಡನ ಮುಖ ನೋಡಿದಳು. ಹನ್ನೆರಡು ವರ್ಷ ಇದೇ ಆಸ್ಪತ್ರೆಯಲ್ಲಿ ಬಿಪಿ ರೋಗಿಗಳಿಗೆ ಉಪ್ಪು ವಿಷ ಎಂದು ಉಪದೇಶ ಮಾಡಿದವಳು, ಇಂದು ಮೇಜಿನ ಈಚೆ ರೋಗಿಯ ತಾಯಿಯಾಗಿ ಕೂತಿದ್ದಳು. ಪಕ್ಕದಲ್ಲಿ ಬಸ್ ಕಂಡಕ್ಟರ್ ಗಂಡ, ಅವನ ತೊಡೆಯ ಮೇಲೆ ಆರು ವರ್ಷದ ಮಗಳು.

"ಬರೀ ಉಪ್ಪು ನೆಕ್ತಾಳೆ ಡಾಕ್ಟ್ರೇ," ಎಂದ ಗಂಡ. "ಇವಳಮ್ಮ ಬಿಡಲ್ಲ."

"ತಿನ್ನಲಿ ಬಿಡಿ ಸಿಸ್ಟರ್. ಮೂತ್ರಪಿಂಡದ ಮೇಲೆ ಅಡ್ರಿನಲ್ ಗ್ರಂಥಿ ಇರುತ್ತಲ್ಲ, ಇವಳದ್ದು ಹುಟ್ಟಿನಿಂದಲೇ ಸರಿಯಿಲ್ಲ. ಜ್ವರ, ಪೆಟ್ಟು ಏನೇ ಬಂದ್ರೂ ತಡ್ಕೊಳ್ಳೋಕೆ ಬೇಕಾದ ಹಾರ್ಮೋನು ಬರಲ್ಲ, ಮೈಯಲ್ಲಿ ಉಪ್ಪು ನಿಲ್ಲಲ್ಲ. ನಿಮ್ಮಿಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದೆ. ಒಂದಿದ್ರೆ ಏನೂ ಆಗಲ್ಲ, ಎರಡೂ ಬಂದ ಮಗುವಿಗೆ ಹೀಗೆ. ದಿನಾ ಮಾತ್ರೆ ತಪ್ಪಿಸಬಾರದು, ಅಷ್ಟೆ."

"ಯಾವುದಕ್ಕೂ ನಮ್ಮಿಬ್ಬರಿಗೆ ಹೊಂದಾಣಿಕೆ ಇರ್ಲಿಲ್ಲ. ಇದೊಂದಕ್ಕೆ ಆಯ್ತು ನೋಡಿ," ಎಂದು ಗಂಡ ನಕ್ಕ. ಬೇರೆ ಯಾರೂ ನಗಲಿಲ್ಲ.

"ಬೇರೆ ಮಕ್ಕಳಿಗೆ ಏನಾದ್ರೂ?" ಡಾಕ್ಟರು ಕೇಳಿದರು.

"ದೊಡ್ಡವನೊಬ್ಬ ಇದ್ದ. ಐದು ವರ್ಷದ ಹಿಂದೆ ವಾಂತಿ ಜ್ವರ ಬಂದು ಎರಡೇ ದಿನದಲ್ಲಿ ಹೋದ. ಅದು ಬೇರೆ ಬಿಡಿ," ಎಂದ ಗಂಡ.

ಅವಳು ಬಾಯಿ ಮುಚ್ಚಿಕೊಂಡಿದ್ದರೆ ಅದು ಬೇರೆಯಾಗಿಯೇ ಉಳಿಯುತ್ತಿತ್ತು.

"ಬೇರೆ ಅಲ್ಲ," ಎಂದಳು. "ಅವನೂ ನೆಕ್ತಿದ್ದ. ಉಪ್ಪುಕಳ್ಳ ಅಂತ ಕರೀತಿದ್ದೆ. ಕೈಗೆ ಹೊಡೀತಿದ್ದೆ. ಡಬ್ಬದ ಮುಚ್ಚಳ ಅವನಿಗೆ ತೆಗೆಯೋಕಾಗದ ಹಾಗೆ ಬಿಗಿಯಾಗಿ ತಿರುಗಿಸಿ ಇಡ್ತಿದ್ದೆ."

"ನಿಮಗೆ ಗೊತ್ತಿರಲಿಲ್ಲವಲ್ಲ ಸಿಸ್ಟರ್."

ಈ ಮಾತನ್ನು ಅವಳೇ ವಾರ್ಡಿನಲ್ಲಿ ಎಷ್ಟು ಜನರಿಗೆ ಹೇಳಿದ್ದಳೋ. ಅದರಿಂದ ಕವಡೆ ಕಾಸಿನ ಉಪಯೋಗವಿಲ್ಲ ಎಂದು ಈಗ ತಿಳಿಯಿತು. ಗಂಡ ಮಗಳನ್ನು ಅವಳ ಕಡೆಯ ತೊಡೆಯಿಂದ ಎತ್ತಿ ಆಚೆಯ ತೊಡೆಗೆ ಕೂರಿಸಿಕೊಂಡ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಹೋಗಿ, ಮೇಲಿನ ಹಲಗೆಯಿಂದ ಉಪ್ಪಿನ ಡಬ್ಬ ಇಳಿಸಿ ಮಾತ್ರೆಗಳ ಪಕ್ಕ ಕೆಳಗಿಟ್ಟಳು. ಮಗಳು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಬೆರಳಾಡಿಸಿದಳು.

"ಅಮ್ಮಾ, ಇಲ್ಲಿ ಇಲಿ ಕಚ್ಚಿದೆ."

ಐದು ವರ್ಷದಿಂದ ಅವಳೂ ಹಾಗೇ ಅಂದುಕೊಂಡಿದ್ದಳು. ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಗುರುತುಗಳು. ನಡುವೆ ಒಂದರ ಜಾಗ ಖಾಲಿ. ಮುಂದಿನ ಹಾಲುಹಲ್ಲು ಬಿದ್ದ ವಾರವೇ ದೊಡ್ಡವನು ಹೋಗಿದ್ದು.

"ಕೈ ಹಿಡಿ," ಎಂದು ಮಗಳ ಅಂಗೈಗೆ ಉಪ್ಪು ಸುರಿದಳು. ಮುಚ್ಚಳವನ್ನು ಮತ್ತೆ ಹಾಕಲಿಲ್ಲ.