ಹಣ್ಣಿಲ್ಲದೆ ಓಡಿದ ಪಲ್ಪರ್

ಕಿಟಕಿ ಕಟ್ಟೆಯ ಮೇಲೆ ಏನೋ ಹೊಳೆಯಿತು, ವಾಚು ಎಂದುಕೊಂಡೆ — ಅಲ್ಲ, ಲೋಟ, ಮಧ್ಯಾಹ್ನ ಮಜ್ಜಿಗೆ ಕುಡಿದು ನಾನೇ ಇಟ್ಟ ಸ್ಟೀಲಿನ ಲೋಟ, ಅಯ್ಯೋ ಭುವನಾ, ಲೋಟಕ್ಕೆಲ್ಲ ಹೆದರಿದರೆ ಹೇಗೆ ತಾಯಿ, ಯಜಮಾನರು ಈ ಮನೆಗೆ ಕಾಲಿಡಬಾರದು ಎಂದು ಕೋರ್ಟೇ ಹೇಳಿದೆ, ವಾಚು ಅವರ ಕೈಯಲ್ಲಿದೆ, ಆ ಕೈ ಮೂಡಿಗೆರೆಯಲ್ಲಿ ಅವರ ಅಣ್ಣನ ಮನೆಯಲ್ಲಿದೆ, ಇಲ್ಲಿರುವುದು ಸಂಜೆಯ ಬಿಸಿಲು, ಅಂಗಳದ ತುಂಬ ಇವತ್ತು ಕೊಯ್ದ ಕಾಫಿ ಹಣ್ಣಿನ ಮೂಟೆಗಳು, ಅವರಿಲ್ಲದ ಮೊದಲ ಕೊಯ್ಲು, ಮತ್ತೆ ಮೆಟ್ಟಿಲ ಕೆಳಗೆ ಮೇಸ್ತ್ರಿ ರುದ್ರೇಶ್, ತಲೆಯ ಟವೆಲ್ಲನ್ನು ಕೈಗೆ ತೆಗೆದುಕೊಂಡು ನಿಂತಿದ್ದಾನೆ, ಅಮ್ಮಾವ್ರೆ, ಪಲ್ಪರ್ ಹಾಕ್ಲಾ? ಅಷ್ಟೇ ಅವನು ಕೇಳಿದ್ದು. ಹಾಕು ಎಂದರೆ ಮುಗಿಯಿತು. ಕೊಯ್ದ ಹಣ್ಣನ್ನು ಇವತ್ತೇ ಪಲ್ಪರ್ ಮಿಷನ್ನಿಗೆ ಹಾಕಿ ಸಿಪ್ಪೆ ಬಿಡಿಸಬೇಕು, ಮೂಟೆಯಲ್ಲೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ಹಿಡಿದು ವರ್ಷದ ಮೊದಲ ಕಾಫಿಯೇ ಹಾಳು, ಗೊತ್ತು, ಎಲ್ಲ ಗೊತ್ತು, ಆದರೂ ಬಾಯಿ ಬರುತ್ತಿಲ್ಲ.

ಪ್ರತಿ ಸಲ ಮೊದಲು ವಾಚು ಬಿಚ್ಚುತ್ತಾರೆ. ಗಾಜಿಗೆ ಗೀರು ಬೀಳಬಾರದು, ಕಿಟಕಿ ಕಟ್ಟೆಯ ಮೇಲೆ ಮೆಲ್ಲಗೆ ಇಡುತ್ತಾರೆ, ಅದರ ಮೇಲೆ ಎಂಥ ಅಕ್ಕರೆ ಮನುಷ್ಯನಿಗೆ, ಆಮೇಲೆ ಕಿಟಕಿಯಿಂದ ಕೂಗುತ್ತಾರೆ, ರುದ್ರೇಶಾ, ಪಲ್ಪರ್ ಹಾಕೋ, ಸದ್ದು ಮೇಲೇರುವವರೆಗೆ ಕಾಯುತ್ತಾರೆ, ಆಮೇಲೆ ನನ್ನ ಕಡೆ ತಿರುಗುತ್ತಾರೆ — ಸಾರಿಗೆ ಉಪ್ಪು ಹೆಚ್ಚಾಗಿದ್ದಕ್ಕೆ, ತಮ್ಮನಿಗೆ ಫೋನ್ ಮಾಡಿದ್ದಕ್ಕೆ, ಸುಮ್ಮನೆ ನಿಂತಿದ್ದಕ್ಕೆ. ನಾನು ಕೂಗಿದರೂ ಕೂಲಿಯವರ ಲೈನ್ ಮನೆಗಳವರೆಗೆ ಹೋಗುವುದು ಪಲ್ಪರಿನ ಸದ್ದೇ. ಆಷಾಢದಲ್ಲೂ ಓಡಿತು, ಗಿಡದಲ್ಲಿ ಒಂದು ಹಣ್ಣೂ ಇಲ್ಲದಾಗ, ಮಿಷನ್ ತುಕ್ಕು ಹಿಡೀಬಾರ್ದಲ್ಲ ಮಾರಾಯ ಎನ್ನುತ್ತಿದ್ದರು ಕೇಳಿದವರಿಗೆ, ಕೇಳಿದವರು ಹೌದೌದು ಎನ್ನುತ್ತಿದ್ದರು, ಷಡಕ್ಷರಿಯವರಷ್ಟು ಅಚ್ಚುಕಟ್ಟಾದ ಪ್ಲಾಂಟರ್ ಬಾಳೂರಿನಲ್ಲೇ ಇಲ್ಲ ಎನ್ನುತ್ತಿದ್ದರು. ಅಚ್ಚುಕಟ್ಟು ಹೌದು, ಮುಖಕ್ಕೆ ಒಮ್ಮೆಯೂ ಹೊಡೆದವರಲ್ಲ. ಮುಖ ನೆಂಟರಿಗೆ ಕಾಣುತ್ತದಲ್ಲ.

ಆ ಸಭೆ ನೆನೆದರೆ ಈಗಲೂ ನಗು ಬರುತ್ತದೆ, ಸಮುದಾಯ ಭವನದಲ್ಲಿ ಕೌಟುಂಬಿಕ ದೌರ್ಜನ್ಯ ತಡೆ ಜಾಗೃತಿ ಎಂದು ಇಷ್ಟಗಲದ ಬ್ಯಾನರು, ಅದರಡಿ ಮುಖ್ಯ ಅತಿಥಿ ಯಾರು, ನಮ್ಮವರೇ! ಮೈಕು, ಕುರ್ಚಿ, ಉಪ್ಪಿಟ್ಟು ಕೊಟ್ಟವರನ್ನು ವೇದಿಕೆಗೆ ಹತ್ತಿಸಿ ಶಾಲು ಹೊದಿಸುವುದು ನಮ್ಮ ಕಡೆಯ ರೂಢಿ, ಸಭೆ ಯಾವುದಕ್ಕಾದರೇನು, ಹಲ್ಲಿನ ಶಿಬಿರಕ್ಕೂ ಅವರೇ ಅತಿಥಿ, ದನಗಳ ಶಿಬಿರಕ್ಕೂ ಅವರೇ. ಅಂಗನವಾಡಿ ಟೀಚರ್ ಗಿರಿಜಾಂಬಾ ಪಾಪ ಏನು ಬಲ್ಲಳು, ಅತಿಥಿಗಳ ಹೆಂಡತಿಗೂ ಒಂದು ಕೆಲಸ ಇರಲಿ ಎಂದು, ಅಕ್ಕಾ, ವಂದನಾರ್ಪಣೆ ನೀವೇ ಮಾಡ್ಬಿಡಿ ಎಂದಳು. ಇಲಾಖೆಯಿಂದ ಬಂದ ಮೇಡಂ ಮೈಕಿನಲ್ಲಿ ಹೇಳುತ್ತಿದ್ದರು, ಹೊಡೆತ ತಿಂದವಳೇ ಯಾಕೆ ಮನೆ ಬಿಡಬೇಕು, ಆ ಮನೆಯಲ್ಲಿ ಇರೋ ಹಕ್ಕು ನಿಮಗಿದೆ, ನೂರಾ ಎಂಬತ್ತೊಂದಕ್ಕೆ ಒಂದು ಫೋನ್ ಮಾಡಿ, ನಮ್ಮವರು ಶಾಲು ಸರಿಪಡಿಸಿಕೊಂಡು ತಲೆದೂಗುತ್ತಿದ್ದರು, ವಾಚು ಹೊಳೆಯುತ್ತಿತ್ತು, ನಾನು ಎದ್ದೆ, ಮೈಕು ಕುಂಯ್ ಎಂದಿತು, ಮೇಡಂಗೆ ವಂದನೆ ಹೇಳಿದೆ, ಉಪ್ಪಿಟ್ಟು ಮಾಡಿದವರಿಗೆ ಹೇಳಿದೆ, ಆಮೇಲೆ ನಾಲಗೆ ತಾನಾಗಿಯೇ ನಡೆಯಿತು — ನನ್ನ ಯಜಮಾನರು ಷಡಕ್ಷರಿಯವರು, ಹಣ್ಣಿಲ್ಲದ ಕಾಲದಲ್ಲೂ ಪಲ್ಪರ್ ಓಡಿಸ್ತಾರೆ, ಅದು ಓಡುವಾಗೆಲ್ಲ ಒಳಗೆ ನನಗೆ ಹೊಡೀತಾರೆ. ಸತ್ತೆ ಎಂದುಕೊಂಡೆ. ಆಗ ಲೈನ್ ಮನೆಯ ದ್ಯಾವಮ್ಮ ಎದ್ದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೌದು, ಹಣ್ಣಿಲ್ದೆ ಓಡೋದು ನಾನೂ ಕೇಳಿದೀನಿ, ಅವಳ ಹಿಂದೆ ಇನ್ನೊಬ್ಬಳು, ನಾನೂ ಕೇಳಿದೀನಿ, ಅವಳ ಪಕ್ಕದವಳು, ನಾನೂ, ಊರಿಗೆ ಊರೇ ಕೇಳಿತ್ತು, ಕೊನೇ ಸಾಲಿನಲ್ಲಿ ರುದ್ರೇಶ್ ತಲೆ ತಗ್ಗಿಸಿಕೊಂಡು ಕೂತಿದ್ದ, ಮೇಡಂ ಬಂದು ನನ್ನ ಕೈ ಹಿಡಿದುಕೊಂಡರು.

ರುದ್ರೇಶ್ ಇನ್ನೂ ಮೆಟ್ಟಿಲ ಕೆಳಗೇ ನಿಂತಿದ್ದಾನೆ. ನಂಗೆ ಗೊತ್ತಿರ್ಲಿಲ್ಲ ಅಮ್ಮಾವ್ರೆ, ಮೊದ್ಲು ಗೊತ್ತಿರ್ಲಿಲ್ಲ, ಎನ್ನುತ್ತಾನೆ ಟವೆಲ್ಲಿಗೆ, ಆಮೇಲೆ ಗೊತ್ತಾಗಿತ್ತಲ್ಲ ಎಂದು ಕೇಳಬೇಕು, ಕೇಳುತ್ತೇನೆ, ಇವತ್ತಲ್ಲ, ಇವತ್ತು ಹಣ್ಣು ಕಾಯುತ್ತಿದೆ. ಬಿಡು, ನಾನೇ ಹಾಕ್ತೀನಿ. ಮದುವೆಯಾಗಿ ಬಂದವಳು ಇಷ್ಟು ವರ್ಷ ಪಲ್ಪರ್ ಮನೆಯ ಹೊಸಿಲು ದಾಟಿರಲಿಲ್ಲ, ನೋಡಿದರೆ ಇಷ್ಟೇ, ಒಂದು ಕಬ್ಬಿಣದ ಮಿಷನ್, ಗೋಡೆಯ ಮೇಲೆ ಒಂದು ಹಸಿರು ಗುಂಡಿ, ಒತ್ತಿದೆ — ಗಡಗಡ, ಅದೇ ಖಾಲಿ ಸದ್ದು, ಭುಜ ಕಿವಿಗೆ ಏರಿತು, ಕೈ ತಾನಾಗಿ ಮೈಗೆ ಅಡ್ಡ ಬಂತು — ದ್ಯಾವಮ್ಮಾ, ಸುರೀ! ನನ್ನದೇ ದನಿ, ಪಲ್ಪರನ್ನೂ ಮೀರಿ ಕೇಳಿತು, ಮೂಟೆ ಹೊತ್ತು ಬಾಗಿಲಲ್ಲಿ ನಿಂತಿದ್ದವಳು ಅದನ್ನು ಪಲ್ಪರಿನ ಬಾಯಿಗೆ ಬಗ್ಗಿಸಿದಳು, ಹಣ್ಣು ಬಿತ್ತು, ನೀರು ಬಿತ್ತು, ಸದ್ದು ಮಂದವಾಯಿತು, ತುಂಬಿದ ಬಾಯಿಯ ಸದ್ದು, ಸಿಪ್ಪೆ ಒಂದು ಕಡೆ ಬೀಜ ಒಂದು ಕಡೆ, ಹಾಗಾದರೆ ಇದರ ನಿಜವಾದ ಸದ್ದು ಇದು, ಇಷ್ಟೇ, ಕೈ ಕೆಳಗಿಳಿಯಿತು, ನಗು ಬಂತು, ಎಂಥ ಅಮ್ಮಾವ್ರೆ ನಗ್ತೀರಿ, ಏನಿಲ್ಲ ಮಾರಾಯ್ತಿ, ಹಗುರ, ಮೈಯೆಲ್ಲ ಹಗುರ, ಇಲ್ಲಿಂದ ನೋಡಿದರೆ ನಮ್ಮ ಕೋಣೆಯ ಕಿಟಕಿ ನೇರ ಕಾಣುತ್ತದೆ, ಕಟ್ಟೆಯ ಮೇಲೆ ಬಿಸಿಲು, ಬಿಸಿಲಲ್ಲಿ ಹೊಳೆಯುತ್ತಿದೆ, ವಾಚು — ಅಲ್ಲ, ಲೋಟ, ಪಲ್ಪರ್ ಓಡುತ್ತಿದೆ, ಕಟ್ಟೆಯ ಮೇಲೆ ಲೋಟ, ನಾನು ಕುಡಿದಿಟ್ಟ ಲೋಟ.