ಎಡಗೈ ಹೆಬ್ಬೆರಳಿನ ಗುಳಿ

ಅಂದು ಬೆಳಗ್ಗೆ ಮೋಡ ಮಾಳಿಗೆಯವರೆಗೂ ಇಳಿದುಬಂದು ಕುಳಿತಿತ್ತು. ಮಳೆಯೆಂದರೆ ಮಳೆಯಲ್ಲ, ಬಿಸಿಲೆಂದರೆ ಬಿಸಿಲಲ್ಲ. ಹಿಂಡದೆ ಹರವಿದ ಬಟ್ಟೆಯ ಹಾಗೆ ಗಾಳಿ ತೇವವಾಗಿ ಜೋತುಬಿದ್ದಿತ್ತು. ಇಂಥ ದಿನ ಸೋಪು ಬೆವರುತ್ತದೆ. ಒಣಗಲೆಂದು ಹಲಗೆಯ ಮೇಲೆ ಸಾಲಾಗಿ ಇಟ್ಟ ಸೋಪುಗಳ ಮೈತುಂಬ ಹನಿ. ಸೋಪಿನಕ್ಕ ಒಣಬಟ್ಟೆ ಹಿಡಿದು, ಮಗುವಿನ ಮೂಗು ಒರೆಸುವಷ್ಟು ಹಗುರಾಗಿ ಒಂದೊಂದನ್ನೇ ಒರೆಸುತ್ತಿದ್ದಳು.

ಒರೆಸುವಾಗ ಅವಳ ಬೆರಳು ತಾನಾಗಿ ಸೋಪಿನ ಮೂಲೆಯ ಗುಳಿಯಲ್ಲಿ ಹೋಗಿ ಕೂರುತ್ತಿತ್ತು. ಎಣ್ಣೆ, ಕ್ಷಾರ ಬೆರೆತು ಗಟ್ಟಿಯಾದ ಮೇಲೆ ತಂತಿಯಿಂದ ಕತ್ತರಿಸಿ, ಪ್ರತಿ ತುಂಡನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುವುದು ಆ ಮನೆಯ ಕ್ರಮ. ಗುಳಿಯ ಅಂಚು ನೆಟ್ಟಗೆ ನಿಂತರೆ ಹದ ಬಂತು. ಬೆರಳಿಗೆ ಅಂಟಿದರೆ ಇನ್ನೂ ಕಾಯಬೇಕು. ಅಂದಕ್ಕಾಗಿ ಒತ್ತಿದ್ದಲ್ಲ. ಆದರೆ ಕೊಳ್ಳುವವರು “ಗುಳಿ ಸೋಪು ಕೊಡಿ” ಅನ್ನತೊಡಗಿದರು, ಅದೇ ಹೆಸರಾಯಿತು. ಮಕ್ಕಳಿಗೂ ಎಷ್ಟೋ ಸಲ ನಾವಿಟ್ಟ ಹೆಸರು ತೊಟ್ಟಿಲಲ್ಲೇ ಉಳಿದು, ಬೀದಿಯವರು ಕರೆದದ್ದೇ ಕೊನೆಯವರೆಗೂ ಬರುವುದಿಲ್ಲವೇ?

ಹಾಗಿರುವಾಗ ಹಾಲಿನವಳು ಬಂದು ಒಂದು ಸೋಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ಅಕ್ಕಾ, ನಿಮ್ಮ ಸೋಪಿಗೆ ತಮ್ಮ ಹುಟ್ಟಿದ್ದಾನೆ, ನೋಡಿ. ಆಚೆ ಬೀದಿ ದೊಡ್ಡಂಗಡಿಯಲ್ಲಿ ಮಾರ್ತಿದ್ದಾರೆ. ಈ ಗುಳೀನ ಸರ್ಕಾರದಲ್ಲಿ ಬರೆಸ್ಕೊಂಡು ಬಿಡ್ತಾರಂತೆ. ಆಮೇಲೆ ನೀವು ಒತ್ತೋ ಹಾಗೇ ಇಲ್ವಂತೆ!”

ಸೋಪಿನಕ್ಕ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಆ ಸೋಪಿನ ಗುಳಿ ಯಂತ್ರದಲ್ಲಿ ಒತ್ತಿದ್ದು, ನಟ್ಟನಡುವೆ, ಚಮಚದ ಹಾಗೆ ನುಣ್ಣಗೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ.

ಚಹಾ ಕುಡಿಯುತ್ತ ಕುಳಿತಿದ್ದ ಗಂಡ ಗಂಟಲು ಸರಿಮಾಡಿಕೊಂಡ. “ನಾವೇ ಮೊದಲು ಟ್ರೇಡ್‌ಮಾರ್ಕ್ ಮಾಡಿಸಿಬಿಡೋಣ. ಅರ್ಜಿ ನಾನೇ ತುಂಬ್ತೀನಿ.”

“ವಕೀಲರನ್ನ ಕೇಳೋದು ಬೇಡ್ವಾ?”

“ಹೆಸರು, ವಿಳಾಸ, ಒಂದು ಚಿತ್ರ. ಇಷ್ಟಕ್ಕೆ ವಕೀಲರಾ? ಇಲಿ ಹಿಡಿಯೋಕೆ ಬೆಟ್ಟ ಅಗೆದ ಹಾಗಾಯ್ತು.”

ಮೂಲೆಯಲ್ಲಿ ಕೂತು ಸೋಪಿಗೆ ಕಾಗದ ಸುತ್ತುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: “ಕ್ಷೌರಿಕ ಯಾಕೆ ಅಂತ ನಿನ್ನ ತಲೆಗೂದಲು ನೀನೇ ಕತ್ತರಿಸ್ಕೊಂಡಿದ್ದೆ. ಎಷ್ಟು ದಿನ ಟೋಪಿ ಹಾಕ್ಕೊಂಡು ಓಡಾಡಿದ್ಯೋ?”

“ಅಮ್ಮಾ, ಅದು ಕತ್ತರಿ ಮೊಂಡಾಗಿದ್ದು!”

“ಹೌದಪ್ಪಾ, ಕುಣಿಯೋಕೆ ಬಾರದವಳಿಗೆ ನೆಲ ಡೊಂಕು.”

ಹಾಲಿನವಳು ನಕ್ಕು ನಕ್ಕು ಪಾತ್ರೆ ಎತ್ತಿಕೊಂಡು ಹೋದಳು. ಸೋಪಿನಕ್ಕನಿಗೆ ನಗು ಬಂದರೂ ಒಳಗೆ ತೂಗುಯ್ಯಾಲೆ. ವಕೀಲರಿಗೆ ಕೊಡುವುದು ದಂಡವಾದರೆ? ಕೊಡದೆ ಕೆಲಸ ಕೆಟ್ಟರೆ? ಕೈಕಸುಬಿನ ಗುರುತು ಒಮ್ಮೆ ಕೈತಪ್ಪಿದರೆ ಮತ್ತೆ ಬಂದೀತೇ? ದೇವರೇ, ದಾರಿ ತೋರಿಸು ಎಂದುಕೊಂಡು ಸೆರಗಿಗೆ ಕೈ ಒರೆಸಿಕೊಂಡಳು. “ಸುಮ್ನೆ ಒಂದು ಮಾತು ಕೇಳ್ಕೊಂಡು ಬರೋಣ ಬನ್ನಿ. ಕೇಳಿದ್ರೆ ಕಿವಿ ಸವೆಯೋದಿಲ್ಲ.”

ವಕೀಲಮ್ಮನ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಕೆಳಗೆ ಟಯರಿಗೆ ಗಾಳಿ ತುಂಬುವ ಸದ್ದು ಮಾತಿನ ನಡುವೆ ಉಸ್ಸೆಂದು ನಿಟ್ಟುಸಿರಿಡುತ್ತಿತ್ತು. ಕಡತಗಳ ಪಕ್ಕದ ಕೈತೊಳೆಯುವ ತೊಟ್ಟಿಯಲ್ಲಿ ಅರ್ಧ ಸವೆದ ಗುಳಿ ಸೋಪು ಕಂಡು ಸೋಪಿನಕ್ಕನಿಗೆ ತವರಿನವರು ಸಿಕ್ಕಷ್ಟು ಧೈರ್ಯ ಬಂತು.

“ನಿಜ ಹೇಳ್ತೀನಿ,” ಎಂದರು ವಕೀಲಮ್ಮ. “ಅರ್ಜಿ ನೀವೇ ಹಾಕಬಹುದು. ವಕೀಲರೇ ಬೇಕು ಅಂತೇನಿಲ್ಲ.”

ಗಂಡನ ಮುಖ ಅರಳಿತು. “ಹೇಳಿದ್ನಲ್ಲ!” ಎಂದು ದಾರಿಯಲ್ಲೇ ತುಂಬಿಸಿದ್ದ ಅರ್ಜಿಯ ಕಾಗದ ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಗುಳಿಯ ಚಿತ್ರವನ್ನೂ ತಾನೇ ಬರೆದಿದ್ದ.

ವಕೀಲಮ್ಮ ಕಾಗದವನ್ನು ಹಾಗೆ ತಿರುಗಿಸಿ, ಹೀಗೆ ತಿರುಗಿಸಿ ನೋಡಿದರು. “ಇದು ಬದನೆಕಾಯಿಯಾ?”

“ಹೆಬ್ಬೆರಳು. ನಂದೇ. ರಜೆ ದಿನ ನಾನೂ ಒತ್ತಿಕೊಡ್ತೀನಲ್ಲ.”

ಸೋಪಿನಕ್ಕ ಚೀಲದಿಂದ ಸೋಪು ತೆಗೆದು ಮೇಜಿನ ಮೇಲೆ ಹರಡಿದಳು. ಗಂಡ ಒತ್ತಿದ್ದು ಎತ್ತು ತುಳಿದ ಹಾಗಿತ್ತು. ತಾನು ಒತ್ತಿದ್ದು ಎಡದಿಂದ ಬಲಕ್ಕೆ ಓರೆಯಾಗಿ, ಬಾಗಿ ನಮಸ್ಕಾರ ಮಾಡಿದಂತಿತ್ತು. ಗುರುತು ಒಂದೇ ಎಂದು ಇಷ್ಟು ಕಾಲ ನಂಬಿದವರಿಗೆ ಒಂದೇ ಮನೆಯಲ್ಲಿ ಬೇರೆ ಬೇರೆ ಗುರುತು ಎಂದು ಈಗ ಕಂಡಿತು. ಹೆಬ್ಬೆರಳನ್ನು ಒಬ್ಬರದು ಇನ್ನೊಬ್ಬರಿಗೆ ಹೋಲದಂತೆ ಮಾಡಿಟ್ಟವನ ಜಾಣತನಕ್ಕೆ ಏನೆನ್ನೋಣ!

“ಯಾವುದನ್ನ ನಿಮ್ಮದು ಅಂತ ಬರೆಸ್ತೀರಿ?”

“ಓರೆ ಇರೋದು. ಜನ ಕೇಳೋದು ಅದನ್ನೇ.”

“ನೀವು ಎಡಗೈಯವರಾ?”

“ಇಲ್ಲ, ಬಲಗೈ. ನಮ್ಮತ್ತೆ ಎಡಚಿ. ಅವರನ್ನ ನೋಡಿ ಕಲಿತಿದ್ದು, ನಂಗೂ ಎಡಗೈಯಲ್ಲೇ ಹದ ಗೊತ್ತಾಗೋದು.”

“ಹಾಗಾದ್ರೆ ಈ ಗುರುತು ಮೊದಲು ಹಾಕಿದ್ದು ಯಾರು, ಯಾವಾಗಿಂದ? ಅದನ್ನೂ ಬರೀಬೇಕು. ಮೊದಲಿಂದ ಬಳಕೆಯಲ್ಲಿದೆ ಅನ್ನೋಕೆ ಆಧಾರ ಇದ್ರೆ ಆ ಅಂಗಡಿಯವರ ಎದುರು ನಿಮ್ಮ ಮಾತಿಗೆ ತೂಕ ಬರುತ್ತೆ.”

ಗಂಡ ತುಂಬಿಸಿದ ಅರ್ಜಿಯಲ್ಲಿ ಮಾಲೀಕಳ ಜಾಗದಲ್ಲಿ ಸೋಪಿನಕ್ಕನ ಹೆಸರಿತ್ತು. ಅದನ್ನು ನೋಡುತ್ತ ಅವಳಿಗೆ ಅತ್ತೆಯ ಕಣ್ಣಿನ ಆಪರೇಷನ್ ನೆನಪಾಯಿತು. ನೀವು ಸುಧಾರಿಸಿಕೊಳ್ಳಿ ಎಂದು ಆಗ ಗುಳಿ ಒತ್ತುವ ಸೋಪಿನ ತಟ್ಟೆಯನ್ನು ಅವರ ಮುಂದಿನಿಂದ ತಾನೇ ಎಳೆದುಕೊಂಡಿದ್ದಳು. ಕಣ್ಣು ಚೆನ್ನಾಯಿತು, ತಟ್ಟೆ ಮಾತ್ರ ಹಿಂದಕ್ಕೆ ಹೋಗಲಿಲ್ಲ. ಅಷ್ಟರಲ್ಲಿ ಜನ ಅವಳನ್ನು ಸೋಪಿನಕ್ಕ ಎಂದು ಕರೆಯತೊಡಗಿದ್ದರು, ಅದು ಕಿವಿಗೆ ಹಿತವಾಗಿತ್ತು. ಅತ್ತೆ ಕೇಳಲಿಲ್ಲ, ಮೂಲೆಗೆ ಸರಿದು ಕಾಗದ ಸುತ್ತತೊಡಗಿದರು. ಕೇಳದವರದ್ದನ್ನು ಇಟ್ಟುಕೊಳ್ಳುವುದು ಎಷ್ಟು ಸುಲಭ!

“ಅತ್ತೆ ಹೆಸರು ಬರೀರಿ,” ಎಂದಳು. “ಶುರು ಮಾಡಿದ್ದು ಅವರು. ಗುಳಿ ಅವರದ್ದು.”

ಗಂಡ ಅವಳ ಮುಖವನ್ನೇ ನೋಡಿದ. ಆಮೇಲೆ ಬದನೆಕಾಯಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. “ಹಾಗಾದ್ರೆ ವಕೀಲರು ಬೇಕು ಅಂತೀಯಾ?”

“ಬೇಕು ರೀ. ಅರ್ಜಿ ತುಂಬೋಕಲ್ಲ. ಮನೇಲಿ ಯಾರೂ ಕೇಳದೆ ಇದ್ದಿದ್ದನ್ನ ಕೇಳಿದ್ರಲ್ಲ, ಅದಕ್ಕೆ.”

“ಆ ಅಂಗಡಿಯವರಿಂದ ತಕರಾರು ಬಂದ್ರೆ ನನ್ನ ಬಿಟ್ಟು ಮಾತಾಡೋಕೆ ಹೋಗ್ಬೇಡಿ, ಅಷ್ಟೇ,” ಎಂದು ವಕೀಲಮ್ಮ ನಕ್ಕರು. “ಅತ್ತೆಯವರನ್ನ ಸಹಿಗೆ ಕರ್ಕೊಂಡು ಬನ್ನಿ. ಫೋಟೋ ತೆಗೆಯೋಕೆ ಅವರೇ ಒತ್ತಿದ ಒಂದು ಸೋಪೂ ಬೇಕು.”

ಮನೆಗೆ ಬರುವ ಹೊತ್ತಿಗೆ ಗಾಳಿ ಬೀಸಿ ತೇವ ಹಾರಿತ್ತು. ಗಂಡ ಬಾಗಿಲಲ್ಲೇ, “ಅಮ್ಮಾ, ಇನ್ಮೇಲೆ ನೀನು ಕಂಪನಿ ಮಾಲೀಕಳು! ನಂಗೊಂದು ಕೆಲಸ ಕೊಡು,” ಎಂದು ಕೂಗಿದ.

“ಕೊಡ್ತೀನಿ, ಕ್ಷೌರದ ಕೆಲಸ ಒಂದು ಬಿಟ್ಟು,” ಎಂದರು ಅತ್ತೆ. ಆದರೆ ಸೊಸೆಯ ಕಡೆ ನೋಡಿದ ಕಣ್ಣಿನಲ್ಲಿ ಪ್ರಶ್ನೆಯಿತ್ತು.

ಸೋಪಿನಕ್ಕ ಬೆಳಗ್ಗೆ ಕತ್ತರಿಸಿಟ್ಟ, ಇನ್ನೂ ಒತ್ತದ ಸೋಪಿನ ತಟ್ಟೆಯನ್ನು ಎತ್ತಿ ತಂದು ಅತ್ತೆಯ ಮುಂದಿಟ್ಟಳು, ಎಡಗೈಗೆ ಸಿಗುವ ಹಾಗೆ ತುಸು ತಿರುಗಿಸಿದಳು. ಅವರ ಮಡಿಲಲ್ಲಿದ್ದ ಕಾಗದದ ಕಟ್ಟನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಮೂಲೆಯಲ್ಲಿ ಹೋಗಿ ಕುಳಿತಳು.