ಫಿಯೋರಿಯ ಗಾಲಿಯ ಸದ್ದು

ಎರಿಟ್ರಿಯಾದ ಅಸ್ಮಾರಾದಿಂದ ಕೆಳಗಿನ ನೆಫಾಸಿತ್‌ಗೆ ಇಳಿದು ಮತ್ತೆ ಹತ್ತುವ ರಸ್ತೆಯಲ್ಲಿ ಲೆಮ್‌ಲೆಮ್‌ಳನ್ನು ಹಿಂದೆ ಹಾಕಿದ ಹುಡುಗಿ ಅವರ ಕ್ಲಬ್ಬಿನಲ್ಲಿ ಒಬ್ಬಳೂ ಇರಲಿಲ್ಲ. ಗೆಳತಿ ಫಿಯೋರಿಯಂತೂ ಶಾಲೆಯ ದಿನಗಳಿಂದ ಅವಳ ಬೆನ್ನು ನೋಡಿಕೊಂಡೇ ಸೈಕಲ್ ತುಳಿದವಳು. ಹೀಗಿರುವಾಗ ಫಿಯೋರಿಯ ಅತ್ತೆ ಜರ್ಮನಿಯಿಂದ ಬರುತ್ತಾ ಅವಳಿಗೊಂದು ಜೊತೆ ಹೊಸ ಗಾಲಿ ತಂದುಕೊಟ್ಟಳು.

ಆ ಗಾಲಿಯ ಸದ್ದೋ ಸದ್ದು. ಪೆಡಲ್ ತುಳಿಯುವುದನ್ನು ನಿಲ್ಲಿಸಿದರೆ ಸಾಕು, ಹಿಂದಿನ ಫ್ರೀವೀಲ್ ಜೀರುಂಡೆಗಳ ಹಿಂಡಿನಂತೆ ಕಿರ್ರೆನ್ನುತ್ತಿತ್ತು. ಕಾಫಿ ಅಂಗಡಿಯ ಮುಂದೆ ಕೂತ ಗಂಡಸರು ಲೋಟ ಕೆಳಗಿಟ್ಟು ಕತ್ತು ತಿರುಗಿಸುತ್ತಿದ್ದರು.

"ಅದು ಗಾಲಿ ಅಂದ್ರೆ. ಸದ್ದಲ್ಲೇ ಗೊತ್ತಾಗುತ್ತೆ ನೋಡು, ಎಂಥಾ ಓಟ," ಎಂದ ಒಬ್ಬ.

ಪಕ್ಕದಲ್ಲೇ ಹೋಗುತ್ತಿದ್ದ ಲೆಮ್‌ಲೆಮ್‌ಳನ್ನು ಯಾರೂ ನೋಡಲಿಲ್ಲ. ಆ ಭಾನುವಾರದ ಪಂದ್ಯ ಫಿಯೋರಿ ಗೆದ್ದಳು. ಮುಂದಿನದ್ದನ್ನೂ ಗೆದ್ದಳು. ಗೆದ್ದದ್ದು ಅವಳಲ್ಲ, ಅವಳತ್ತೆಯ ಗಾಲಿ ಎಂದು ಲೆಮ್‌ಲೆಮ್ ತನಗೆ ತಾನೇ ಹೇಳಿಕೊಂಡಳು. ಊಟಕ್ಕೆ ಕೂತರೂ ಕಿವಿಯಲ್ಲಿ ಅದೇ ಕಿರ್ರ್.

ಕೊನೆಗೆ ತನ್ನ ಹಿಂದಿನ ಗಾಲಿಯನ್ನು ಬಿಚ್ಚಿ ಅಂಗಳದಲ್ಲಿ ಕೂತಳು. ಫ್ರೀವೀಲಿನೊಳಗಿನ ಗ್ರೀಸನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ ಹಾಗೆಯೇ ಮುಚ್ಚಿದಳು. ಈಗ ಅದೂ ಕಿರುಚಿತು. ಬೀದಿಯವರು ತಿರುಗಿ ನೋಡಿದರು. ಲೆಮ್‌ಲೆಮ್ ಬೇಕೆಂದೇ ತುಳಿಯುವುದನ್ನು ನಿಲ್ಲಿಸಿ ನಿಲ್ಲಿಸಿ ಹೋದಳು.

ಕ್ಲಬ್ಬಿನ ಕೋಚ್ ಜೆಮುಯ್ ಅಭ್ಯಾಸದ ದಿನ ಅವಳ ಪಕ್ಕಕ್ಕೆ ಮೋಟಾರ್ ಬೈಕ್ ತಂದ.

"ಏನಮ್ಮಾ ಇದು, ಇಷ್ಟೊಂದು ಹಾಡು?"

"ಫಿಯೋರಿದೂ ಹಾಡುತ್ತಲ್ಲ ಸಾರ್."

"ಎಲ್ಲಿ ಹಾಡುತ್ತೆ? ಕಿವಿ ಕೊಟ್ಟು ಕೇಳು. ಕಾಲು ನಿಂತ್ರೆ ತಾನೇ ಅದು ಕೂಗೋದು."

ಲೆಮ್‌ಲೆಮ್ ಫಿಯೋರಿಯ ಹಿಂದೆ ಹೋಗಿ ಕಿವಿ ಕೊಟ್ಟಳು. ಏರಿನಲ್ಲಿ ಸದ್ದಿಲ್ಲ. ಸಮತಟ್ಟಿನಲ್ಲೂ ಇಲ್ಲ. ಇಳಿಜಾರಿನ ಕಡಿದಾದ ತಿರುವುಗಳಲ್ಲಿ ಮಾತ್ರ ಒಂದು ಚೂರು ಕಿರ್ರೆಂದು, ಮತ್ತೆ ಮೌನ. ಹಾಗಾದರೆ ಇವಳು ಕಾಲಿಗೆ ವಿರಾಮವನ್ನೇ ಕೊಡುತ್ತಿಲ್ಲ. ಗಾಲಿಯ ಮೇಲಿನ ಹೊಟ್ಟೆಕಿಚ್ಚನ್ನಾದರೂ ತಡೆದುಕೊಳ್ಳಬಹುದಿತ್ತು. ಈಗ ಬೈಯಲು ಗಾಲಿಯೂ ಉಳಿಯಲಿಲ್ಲ.

ಆ ಸಿಟ್ಟಿನಲ್ಲಿ ಫ್ರೀವೀಲಿಗೆ ಮತ್ತೆ ಗ್ರೀಸ್ ಹಾಕಿಸುವುದನ್ನೂ ಮರೆತಳು.

ಭಾನುವಾರದ ಪಂದ್ಯದಲ್ಲಿ ನೆಫಾಸಿತ್‌ನಿಂದ ಇಬ್ಬರೂ ಒಟ್ಟಿಗೇ ಮೇಲಕ್ಕೆ ತಿರುಗಿದರು. ಮಂಜು ಕವಿದಿತ್ತು, ಪಾಪಸುಕಳ್ಳಿ ಹಣ್ಣು ಮಾರುವ ಹೆಂಗಸರು ರಸ್ತೆಬದಿಯಲ್ಲಿ ಎದ್ದು ನಿಂತು ನೋಡುತ್ತಿದ್ದರು. ಕೊನೆಯ ಏರಿನಲ್ಲಿ ಲೆಮ್‌ಲೆಮ್ ಸೀಟಿನಿಂದೆದ್ದು ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ಹಾಕಿದಳು. ಒಣಗಿ ದೂಳು ತಿಂದಿದ್ದ ಫ್ರೀವೀಲ್ ಹಿಡಿತ ತಪ್ಪಿ ಜಾರಿತು. ಗಾಳಿಯನ್ನು ತುಳಿದಂತೆ ಪೆಡಲ್ ಕುಸಿಯಿತು. ಅವಳು ಸೈಕಲ್ ಸಮೇತ ಟಾರಿನ ಮೇಲೆ ಬಿದ್ದಳು. ಫಿಯೋರಿ ಒಮ್ಮೆ ತಿರುಗಿ ನೋಡಿ, ಮುಂದೆ ಹೋದಳು.

ಪಂದ್ಯ ಮುಗಿದ ಮೇಲೆ, ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದವಳ ಬಳಿಗೆ ಫಿಯೋರಿ ಚಹಾ ತಂದಳು. ಲೆಮ್‌ಲೆಮ್ ಮುಖ ತಿರುಗಿಸಿದಳು.

"ನಾನು ನಿಲ್ಲಬೇಕಿತ್ತು ಅಂತೀಯಾ?" ಎಂದಳು ಫಿಯೋರಿ.

"ನಾನಾಗಿದ್ರೂ ನಿಲ್ತಿರಲಿಲ್ಲ." ಈ ಕಡೆ ತಿರುಗಿ ಲೆಮ್‌ಲೆಮ್ ಕೇಳಿದಳು: "ಇಷ್ಟು ಜೋರು ಹೇಗಾದೆಯೇ ನೀನು?"

"ಆ ದರಿದ್ರ ಗಾಲಿಯಿಂದ. ಕಾಲು ನಿಲ್ಲಿಸಿದ್ರೆ ಊರಿಗೆಲ್ಲ ಡಂಗುರ ಸಾರುತ್ತೆ. ಮುಂದೆ ಹೋಗ್ತಿರೋ ನಿನಗೂ ಕೇಳಿಸುತ್ತೆ, ಫಿಯೋರಿ ಸುಸ್ತಾದಳು ಅಂತ. ನಾಚಿಕೆಗೆ ನಿಲ್ಲಿಸೋದೇ ಬಿಟ್ಟೆ."

ಲೆಮ್‌ಲೆಮ್‌ಗೆ ನಗು ಬಂತು, ಮೊಣಕಾಲು ಚುರುಗುಟ್ಟಿತು.

"ಒಂದು ವಾರ ನನಗೆ ಕೊಡು ಹಾಗಾದ್ರೆ."

"ಕೊಡೋದಿಲ್ಲ ಕಣೇ. ನಿನ್ನ ಕಂಡ್ರೆ ನನಗೆ ಇನ್ನೂ ಭಯ."

ಆ ತಿಂಗಳಲ್ಲಿ ಲೆಮ್‌ಲೆಮ್ ಕೇಳಿದ ಮಾತುಗಳಲ್ಲೆಲ್ಲ ಹಿತವಾದದ್ದು ಅದೊಂದೇ. ಕೈ ಚಾಚಿ ಚಹಾ ತೆಗೆದುಕೊಂಡಳು.